ಚಿಕ್ಕ ಪೆಟ್ಟಿಗೆ

ಪುಂತಾ ಅರೇನಾಸಿನಲ್ಲಿ ಗಾಳಿ ಎದ್ದರೆ
ನಗರಸಭೆಯವರು ಬೀದಿಯ ತಿರುವಿಗೆ ಹಗ್ಗ ಕಟ್ಟುತ್ತಾರೆ.
ಅದನ್ನೇ ಹಿಡಿದುಕೊಂಡು ಮನೆ ಸೇರಿದೆ,
ಬಗಲಲ್ಲಿ ಏಡಿ ಕಾರ್ಖಾನೆಯ ಏಳು ವರ್ಷದ ಲೆಕ್ಕ.
ಕೊಳ್ಳುವವರು ಇಂಗ್ಲೆಂಡಿನ ಹಲ್ ಎಂಬ ಊರಿನವರು.
ಶುಕ್ರವಾರದೊಳಗೆ ಬೇಕಂತೆ, ಇಂಗ್ಲಿಷಿನಲ್ಲಿ.
ಕೂಲಿ, ಪದಕ್ಕಿಷ್ಟು.

ಪುಸ್ತಕ ಬರೆದವರು ದೋನ್ ಎರ್ಮೊಹೆನೆಸ್,
ಕಂಪ್ಯೂಟರು ಕೊಡಿಸಿದರೆ ಅದಕ್ಕೆ ಟೋಪಿ ತೊಡಿಸಿಟ್ಟ ಆಸಾಮಿ.
ಅವರ ಏಳಕ್ಕೆ ನಡುವೆ ಒಂದು ಅಡ್ಡಗೆರೆ,
ಒಂದೆಂದು ಯಾರೂ ಓದಿಬಿಡಬಾರದಲ್ಲ.

ಎಡಕ್ಕೆ ದೆಬೆ, ಬಲಕ್ಕೆ ಆಬೆರ್.
ಡೆಬಿಟ್, ಕ್ರೆಡಿಟ್ ಎಂದು ಕುಟ್ಟುತ್ತ ಹೋದೆ,
ಮೊದಲ ಗಂಟೆ ಏನೂ ಅನಿಸಲಿಲ್ಲ.
ಒಲೆಯ ಮೇಲೆ ನೀರು ಸದ್ದು ಮಾಡುವಾಗ ಹೊಳೆಯಿತು:
ದೆಬೆ ಅಂದರೆ 'ಕೊಡಬೇಕು'.
ಯಾರು? ಅವನು, ಅವಳು, ಎದುರು ಕೂತ ನೀವು.
ಕ್ರಿಯಾಪದ ಅದು, ಇನ್ನೂ ಬೆಚ್ಚಗಿದೆ.
ಡೆಬಿಟ್ ತಣ್ಣಗಿನ ಶೀಷೆಯ ಮುಚ್ಚಳ.

ಆಮೇಲೆ ಕೈ ನಿಧಾನವಾಯಿತು.
ಪೆರ್ದಿದಾಸ್ ಇ ಗನಾನ್ಸಿಯಾಸ್: ನಾವು ಮೊದಲು ಕಳೆದದ್ದನ್ನು ಹೇಳುತ್ತೇವೆ,
ಗಳಿಸಿದ್ದು ಬಾಗಿಲ ಹಿಂದೆ ನಾಚಿ ನಿಂತಿರುತ್ತದೆ.
ಅವರು ಮೊದಲು ಲಾಭ ಕರೆಯುತ್ತಾರೆ. ತಿರುಗಿಸಿ ಬರೆದೆ.
ಗಡುವು ಮೀರಿದ ಬಿಲ್ಲು ನಮ್ಮಲ್ಲಿ ವೆನ್ಸಿದಾ, ಸೋತವಳು.
ಅವರಲ್ಲಿ ಓವರ್‌ಡ್ಯೂ, ತಡವಾದ ಬಸ್ಸಿನಂತೆ.
ವಸೂಲಾಗದ ಸಾಲಕ್ಕೆ ನಾವು ವಸೂಲಾಗದ್ದು ಎನ್ನುತ್ತೇವೆ, ಅಷ್ಟೇ.
ಅವರು ಅದನ್ನು ಕೆಟ್ಟದ್ದು ಅನ್ನುತ್ತಾರೆ.
ಕುರಿಯೊಂದು ಸತ್ತರೆ ಕುರಿಯನ್ನೇ ಬೈದ ಹಾಗೆ.

ದಾಸ್ತಾನಿಗೆ ಎಕ್ಸಿಸ್ತೆನ್ಸಿಯಾಸ್.
ಇರುವಿಕೆಗಳು: ಡಬ್ಬಿ ಎರಡು ಸಾವಿರದ ನೂರ ನಲವತ್ತು,
ಏಡಿ ಬುಟ್ಟಿ ಅರವತ್ತೊಂದು, ತೂತಿನವು ಒಂಬತ್ತು,
ದೋಣಿ ಒಂದು. ಮುಳುಗುಗಾರನ ಅಂಗಿ ಮೂರು.
ಮುಂದಿನ ವರ್ಷ ಅಂಗಿ ಎರಡು.

ಅದೇ ವರ್ಷ, ಕಾಹಾ ಚಿಕಾ, ಅಂದರೆ ಚಿಕ್ಕ ಪೆಟ್ಟಿಗೆ,
ಪೆಟ್ಟಿ ಕ್ಯಾಶ್ ಎಂದು ತಿದ್ದಿಕೊಂಡೆ:
ಅಂಚೆಚೀಟಿ. ಸೀಮೆಎಣ್ಣೆ. ಸಕ್ಕರೆ ಎರಡು ಕಿಲೊ.
ಹೂವಿನ ಬಳೆ ಎರಡು, ನಾವೆಲ್ಕಿನ್‌ಗೆ.
ತಿಂಗಳು ಕಳೆದು: ಬ್ರೆಡ್ಡು, ನಾವೆಲ್ಕಿನ್ ಹೆಂಡತಿಗೆ, ಆರು ಸಾವಿರ.
ಮತ್ತೆ: ಬ್ರೆಡ್ಡು, ಅವಳಿಗೆ, ಆರು ಸಾವಿರ.
ಮತ್ತೆ.
ಐವತ್ಮೂರು ಸಲ ಎಣಿಸಿದೆ. ಕೊನೆಗೆ ಬರೀ 'ಬ್ರೆಡ್ಡು'.
ಯಾರಿಗೆಂದು ಬರೆಯುವುದು ಬೇಕಿರಲಿಲ್ಲ ಅನಿಸುತ್ತದೆ.

ಫೋನು ಮಾಡಿದೆ. ಕೆಮ್ಮು ಮೊದಲು ಬಂತು, ಆಮೇಲೆ ಅವರು.
'ಇದನ್ನು ಯಾವ ಬಾಬ್ತಿಗೆ ಹಾಕಲಿ? ದಾನ? ಸಂಬಳ? ಪರಿಹಾರ?'
'ಯಾವ ಕಡೆ ಬರೆದಿದೀನಿ, ನೋಡು.'
'ಎಡಕ್ಕೆ.'
'ತಲೆಯ ಮೇಲೆ ಏನಿದೆ?'
'ದೆಬೆ.'
'ಮತ್ತೇನು?' ಅಂದರು.
ಖರ್ಚೆಲ್ಲ ಎಡಕ್ಕೇ ಬರುವುದು, ದೋನ್,
ಸಕ್ಕರೆಯೂ ಅಲ್ಲೇ ಇದೆ, ಎನ್ನಬೇಕೆಂದಿದ್ದೆ.
ಗಾಳಿ ತಗಡನ್ನು ಎತ್ತಿ ಬಡಿಯಿತು. ಲೈನು ಹೋಯಿತು.

ಹಲ್ಲಿನವರು ಕಳಿಸಿದ ನಮೂನೆಯಲ್ಲಿ ಒಂದು ಸಾಲಿದೆ,
ಎಲ್ಲಿಯೂ ಸೇರದ್ದಕ್ಕೆ. ಸಂಡ್ರೀಸ್.
ಐವತ್ಮೂರು ಬ್ರೆಡ್ಡನ್ನೂ ಎರಡು ಹೂವಿನ ಬಳೆಯನ್ನೂ ಕೂಡಿ
ಅದರ ಮುಂದೆ ಬರೆದೆ. ಮೊತ್ತ ತಾಳೆಯಾಯಿತು.

ಕೂಲಿಗೂ ನಮ್ಮಲ್ಲಿ ಆಬೆರೆಸ್ ಎಂದೇ ಹೆಸರು.
ಬೆಳಗಿನ ಜಾವ ನನ್ನದೊಂದು ಬಿಲ್ಲು ಹಾಕಿದೆ:
ಪದ ಹನ್ನೊಂದು ಸಾವಿರದ ನಾನೂರ ಆರು.
ಅವಳದು ಅದರಲ್ಲಿ ಒಂದು.