ಜಿಗಣೆ

ಶನಿವಾರ ಬೆಳಗ್ಗೆ ಹತ್ತಕ್ಕೆ ಮೈಸೂರಲ್ಲಿ ಸ್ಪರ್ಧೆ.
ಇವತ್ತು ಗುರುವಾರ. ಸುಂಟಿಕೊಪ್ಪದಲ್ಲಿ ಸಂಜೆ ಆರಕ್ಕೇ
ಬೆರಳು ಮರಗಟ್ಟುವ ಚಳಿ.
ಎಡಗಡೆ ಮೋಟಾರು ಸುಟ್ಟ ವಾಸನೆ.

ಜೋಯಪ್ಪ ಮೂಸಿ ನೋಡಿ ಹೇಳಿದ: ಸತ್ತಿದೆ.
ದೇಚಮ್ಮ ನಂಬಲಿಲ್ಲ, ಮೀಟರ್ ಹಿಡಿದಳು,
ಆಮೇಲೆ ಅವಳೂ ಸುಮ್ಮನಾದಳು.
ಹೊಸದು ತರಿಸಿದರೆ ಐದು ದಿನ.
ನಮ್ಮ ಹತ್ತಿರ ಇರುವುದು ಒಂದೂವರೆ,
ಅದರಲ್ಲಿ ಕರೆಂಟು ಎಷ್ಟು ಹೊತ್ತೋ.

ಹಂಸಾಕನ ಗ್ಯಾರೇಜಿಗೆ ಓಡಿದೆವು.
ಜೀಪಿನಡಿ ಎರಡು ಕಾಲು ಮಾತ್ರ ಕಾಣುತ್ತಿತ್ತು.
ಕಾಲುಗಳೇ ಕೇಳಿದವು: ಎಷ್ಟು ಭಾರ ಎಳೀಬೇಕು ನಿಮ್ಮ ಗಾಡಿ?
ನಾಲ್ಕು ಕಿಲೋ, ಅಂದೆ.
ಆ ನಗು ಸೈಲೆನ್ಸರಿಗೆ ತಾಗಿ ಗುಂಯ್ ಅಂತು.
ಗುಜರಿ ಜೀಪುಗಳ ವೈಪರ್ ಮೋಟಾರು ಎರಡು
ಗ್ರೀಸ್ ಸಮೇತ ಪೇಪರಲ್ಲಿ ಸುತ್ತಿ ಕೊಟ್ಟ.
ಗೆದ್ದರೆ ಒಂದು ಫೋಟೋ, ಸೋತರೆ ಮೋಟಾರು ವಾಪಸ್.

ವೈಪರ್ ಮೋಟಾರಿನ ಹಸಿವು ನಮಗೇನು ಗೊತ್ತು!
ಬೋರ್ಡು ದೋಸೆ ಕಾವಲಿಯಂತೆ ಕಾಯಿತು,
ರಫೀನಾ ತನ್ನ ಟಿಫಿನ್ ಡಬ್ಬಿಯ ಮುಚ್ಚಳ ಕತ್ತರಿಸಿ
ಅದರ ಬೆನ್ನಿಗೆ ಅಂಟಿಸಿದಳು.
ಜೋಯಪ್ಪ ಆನೆ ಬೇಲಿಯ ಚಿಕ್ಕ ಬ್ಯಾಟರಿ ಬಿಚ್ಚಿ ತಂದ.
ಎರಡು ರಾತ್ರಿ ಆನೆ ಬರದಿದ್ದರೆ ಸಾಕು, ಅಂದ,
ಬಂದರೆ ನಮ್ಮಪ್ಪನಿಗೆ ನೀನೇ ಹೇಳು.

ಮಿತಿ ಐದು ಕಿಲೋ. ತೂಗುವುದೆಲ್ಲಿ?
ರೈಟರು ಊಟಕ್ಕೆ ಹೋದಾಗ ಕಾಫಿ ತಕ್ಕಡಿಗೇ ಏರಿಸಿದೆವು,
ಅಮ್ಮ ಕುಯ್ದ ಹಣ್ಣನ್ನು ದಿನಾ ಸಂಜೆ ತೂಗುವ,
ದಿನಾ ಸಂಜೆ ಒಂದಿಷ್ಟು ನುಂಗುವ ತಕ್ಕಡಿ.
ಇವತ್ತೂ ನುಂಗು ಮಾರಾಯ್ತಿ, ಅಂತ
ಮೊದಲ ಸಲ ಬೇಡಿಕೊಂಡೆ.
ಐದು ಕಿಲೋ ಇನ್ನೂರು.
ದೇಚಮ್ಮ ಲೆಕ್ಕ ಹಾಕಿದಳು: ಇದು ನುಂಗಿ ಇಷ್ಟಾದರೆ ನಿಜಕ್ಕೆ ಎಷ್ಟು?
ಯಾರೂ ಉತ್ತರಿಸಲಿಲ್ಲ.
ಪ್ಲೈವುಡ್ಡಿಗೆ ಡ್ರಿಲ್ ಹಾಕಿ ಹಾಕಿ
ಜರಡಿ ಮಾಡಿದೆವು.

ಕ್ಲಾಸಲ್ಲಿ ಲೈನ್ ಬಿಡದೆ ನಡೆಯುವ ಯಂತ್ರ ಅಂದಾಗ
ನನಗೆ ಒಳಗೊಳಗೇ ನಗು.
ನಾನು ಹುಟ್ಟಿದ್ದೇ ಲೈನಲ್ಲಿ,
ಒಂದೇ ಗೋಡೆಗೆ ಹದಿನಾಲ್ಕು ಬಾಗಿಲು, ನಮ್ಮದು ಒಂಬತ್ತನೆಯದು.
ಬಿಡದೆ ಕಚ್ಚಿಕೊಳ್ಳಲಿ ಅಂತ ಜಿಗಣೆ ಎಂದು ಹೆಸರಿಟ್ಟೆ.

ಶುಕ್ರವಾರ ರಾತ್ರಿ, ಕಣದ ಸಿಮೆಂಟಿನ ಮೇಲೆ ಕಪ್ಪು ಟೇಪು.
ನೇರಕ್ಕೆ ಚೆನ್ನಾಗಿಯೇ ಹೋಯಿತು. ಮೊದಲ ತಿರುವು, ಸರಿ.
ಆಮೇಲೆ ಇದ್ದಕ್ಕಿದ್ದಂತೆ ಗೆರೆ ಬಿಟ್ಟು
ಒಂದು ಒಣಗಿದ ಕಾಫಿಬೀಜದ ಸುತ್ತ
ಗಿರಗಿರ, ಗಿರಗಿರ.
ಇನ್ನೊಂದು ಸಲ ಬಿಟ್ಟರೆ ಇನ್ನೊಂದು ಬೀಜ.
ಅದಕ್ಕೆ ಕಪ್ಪೆಂದರೆ ಎಲ್ಲವೂ ದಾರಿಯೇ.

ಒಂಬತ್ತನೇ ಬಾಗಿಲು ತೆರೆಯಿತು. ಅಮ್ಮ,
ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಪೊರಕೆ.
ಹಗಲಿಡೀ ಹರಡಿದ್ದೂ ಸಾಲದೆ, ಅಂತ ಬೈಯುತ್ತಲೇ
ಜಿಗಣೆಯ ಮುಂದೆ ಮುಂದೆ ಗುಡಿಸುತ್ತ ನಡೆದಳು.
ಅವಳ ಹಿಂದೆ ಅದು,
ಅದರ ಹಿಂದೆ ನಾವು, ಟಾರ್ಚು ಹಿಡಿದು.
ಎರಡನೇ ತಿರುವು ದಾಟಿತು.
ಮೂರನೆಯದರಲ್ಲಿ ಅಮ್ಮ ಬಲಕ್ಕೆ ತಿರುಗಿದಳು,
ಅದು ನೆಟ್ಟಗೆ ಹೋಗಿ ಚರಂಡಿಗೆ ಬಿತ್ತು.

ಐದೂಕಾಲರ ಬಸ್ಸು. ಕಂಡಕ್ಟರ್ ಬ್ಯಾಟರಿ ಬಡಿದು ನೋಡಿದ.
ಹುಡುಗಿಯರಿಗೆ ಫ್ರೀ, ಇವನಿಗೆ ಫುಲ್ಲು, ಇದು ಗಂಡೋ ಹೆಣ್ಣೋ?
ಜಿಗಣೆ, ಅಂದಳು ರಫೀನಾ.
ಹಾಗಾದರೆ ಲಗೇಜು, ಅಂತ ಹರಿದು ಕೊಟ್ಟ.

ಪಿರಿಯಾಪಟ್ಟಣ ದಾಟಿತು. ಲ್ಯಾಪ್‌ಟಾಪಿನಲ್ಲಿ ಹನ್ನೊಂದು ಪರ್ಸೆಂಟ್.
ಮೂರನೇ ತಿರುವಿಗೆ ಸ್ಪೀಡ್ ಎಷ್ಟು ಹಾಕಲಿ?
ನನಗೆ ಗೊತ್ತಿಲ್ಲ. ಜೋಯಪ್ಪನಿಗೂ.
ಕಿಟಕಿಗೆ ತಲೆಯಿಟ್ಟ ದೇಚಮ್ಮ ನಿದ್ದೆಯಲ್ಲೇ ಅಂದಳು:
ನಲವತ್ತು.

ನಲವತ್ತು ಹಾಕಿದೆವು.