ಒಂದು ಪಾಯಿಂಟ್ ಎಂಟು

ನವೆಂಬರ್ ಕೊನೆಗೆ ಮುಳುಗಿದ ಸೂರ್ಯ
ಜನವರಿ ಅರ್ಧ ಕಳೆದರೂ ವಾರ್ಡೋ ಕಡೆ ತಲೆ ಹಾಕುವುದಿಲ್ಲ.
ಹನ್ನೊಂದಕ್ಕೆ ಒಂದಿಷ್ಟು ನೀಲಿ,
ಹಾಲಿನ ಪಾತ್ರೆ ತೊಳೆದ ನೀರಿನಷ್ಟು ತೆಳ್ಳಗೆ;
ಒಂದು ಗಂಟೆಗೆ ಅದೂ ಚೆಲ್ಲಿಹೋಗುತ್ತದೆ.

ಇಂಥ ಊರಲ್ಲಿ ಅಂಚೆ ವ್ಯಾನು ಓಡಿಸುವ ನನಗೆ
ಫೋಟೋದ ಹುಚ್ಚು.

ಹದಿನಾಲ್ಕು ವರ್ಷ ಕುತ್ತಿಗೆಗೆ ಜೋತುಬಿದ್ದಿತ್ತು
ಉದ್ದ ಮೂತಿಯ ಆ ಜೂಮ್.
ಬೇಸಿಗೆಯಲ್ಲಿ ಆಚೆ ದಡದ ಹಕ್ಕಿಯ ಕೊಕ್ಕನ್ನೂ ಎಳೆದು ತರುತ್ತಿತ್ತು,
ಚಳಿಗಾಲ ಬಂತೋ, ಇರುಳುಗುರುಡು.
ಫ್ಲ್ಯಾಶ್ ಹಾಕಿದರೆ ನನ್ನ ನೆಂಟರೆಲ್ಲ
ಮಂಜುಗಡ್ಡೆಯ ಮೇಲಿಟ್ಟ ಕಾಡ್ ಮೀನು,
ಬಾಯಿ ತೆರೆದು, ಕಣ್ಣು ಬಿಳಿಚಿ.

ವಾದ್ಸೋದ ಅಂಗಡಿಯಲ್ಲಿ ತೂರ್ಲೈಫ್
ಕಪಾಟಿನ ಮೂಲೆಯಿಂದ ತೆಗೆದು ಮೇಜಿನ ಮೇಲಿಟ್ಟ:
ಐವತ್ತು ಮಿಲಿಮೀಟರ್, ಒಂದು ಪಾಯಿಂಟ್ ಎಂಟು.
ಯಾರೋ ಬಳಸಿ ಬಿಟ್ಟದ್ದು, ಅಂಚಿಗೆ ಗೀರು,
ಬೆಲೆ ಒಂದು ಜೊತೆ ರಬ್ಬರ್ ಬೂಟಿನಷ್ಟು.
"ಇದು ಹಿಂದೆ ಮುಂದೆ ಹೋಗುವುದಿಲ್ಲ, ನೀನೇ ಹೋಗಬೇಕು" ಅಂದ.
ಕಾಸಿಗೆ ತಕ್ಕ ಕಜ್ಜಾಯ ಅಂದುಕೊಂಡೆ.
ಅವನು ನಕ್ಕ. ಇದರ ಲೆಕ್ಕ ತಿರುಗುಮುರುಗಂತೆ,
ಅಂಕಿ ಸಣ್ಣದಾದಷ್ಟೂ ಕಣ್ಣು ಅಗಲ.

ಬಂದರಿನ ಗಾಳದ ಶೆಡ್ಡಿನಲ್ಲಿ ಹಾಲ್ಡಿಸ್,
ಎಪ್ಪತ್ತೆಂಟರ ಹೆಂಗಸು, ಗಾಳಕ್ಕೆ ಬಂಗುಡೆ ತುಂಡು ಸಿಕ್ಕಿಸುವವಳು.
ಬಾಗಿಲಲ್ಲೇ ನಿಂತು ಎಷ್ಟೋ ಸಲ ಕದ್ದು ತೆಗೆದಿದ್ದೆ.
ಎಲ್ಲದರಲ್ಲೂ ಬೆನ್ನು, ಕಂದು ಮಸುಕು,
ಮೇಲೆ ರವೆ ಉದುರಿದಂಥ ಚುಕ್ಕಿ.
ಈಗ ಐವತ್ತು ಹಿಡಿದು ಅಲ್ಲೇ ನಿಂತರೆ
ಹಾಲ್ಡಿಸ್ ಗುಬ್ಬಿಯಷ್ಟು, ಸುತ್ತ ಬರೀ ಗೋಡೆ, ಟಬ್ಬು.

ಒಂದು ಹೆಜ್ಜೆ.
ಇನ್ನೊಂದು.
ಬೂಟಿನಡಿ ಉಪ್ಪುನೀರು ಪಚಪಚ,
ರೇಡಿಯೋದಲ್ಲಿ ಗಾಳಿಯ ಮುನ್ಸೂಚನೆ.
ಅವಳ ಉಸಿರಿನ ಕಾಫಿ ಮೂಗಿಗೆ ತಾಕುವಷ್ಟು ಹೋದಾಗ
ಚೌಕಟ್ಟು ತುಂಬಿತು, ಅವಳೂ ತಲೆ ಎತ್ತಿದಳು.
"ಇಷ್ಟು ಹತ್ತಿರ ಬಂದವರು
ಸುಮ್ಮನೆ ನಿಲ್ಲುವ ಪದ್ಧತಿ ಇಲ್ಲಿಲ್ಲ."

ಕ್ಯಾಮೆರಾ ಮೊಳೆಗೆ ನೇತುಹಾಕಿ
ನಲವತ್ತು ಗಾಳಕ್ಕೆ ಬಂಗುಡೆ ಸಿಕ್ಕಿಸಿದೆ,
ಎರಡು ಸಲ ನನ್ನನ್ನೇ.
ಗಂಡನ ಸುದ್ದಿ ಹೇಳಲಿಲ್ಲ ಅವಳು, ಕಡಲಿನದೂ ಇಲ್ಲ;
ಬಿಂಗೋದಲ್ಲಿ ಗೆದ್ದ ಹಂದಿಯ ತೊಡೆಯನ್ನು
ಬಸ್ಸಿನಲ್ಲಿ ಮರೆತು ಬಂದ ಕಥೆ.

ಆಮೇಲೆ ಒಂದು ಬಲ್ಬು, ಒಂದು ಮುಖ.
ಲೆನ್ಸಿನ ಕಣ್ಣು ಪೂರ್ತಿ ತೆರೆದೆ.
ಅಷ್ಟು ಬೆಳಕಿಗೇ ಸೆಕೆಂಡಿನ ನೂರರಲ್ಲೊಂದು ಪಾಲು ಸಾಕಾಯಿತು,
ಚಳಿಗೆ ಕೈ ನಡುಗುವ ಮೊದಲೇ ಮುಗಿಯಿತು.

ನೋಡಿದರೆ, ಹಿಂದಿನ ಹಗ್ಗ, ಕ್ಯಾಲೆಂಡರು
ಬೆಣ್ಣೆ ಕರಗಿದ ಹಾಗೆ ಕರಗಿವೆ;
ಸರಿಯೇ, ಆದರೆ ಮುಖವೂ ಕರಗಿದೆ!
ಅಕ್ಕಿಕಾಳಿನ ದಪ್ಪದ ಆ ಒಂದು ಸ್ಪಷ್ಟತೆ
ಹೋಗಿ ಕೂತದ್ದು ಹೆಬ್ಬೆರಳ ಮೇಲೆ:
ಗಾಳ ಸೀಳಿದ ಹಳೆ ಗಾಯ,
ಗೆರೆಗೆರೆಯಲ್ಲಿ ಉಪ್ಪು,
ಉಗುರಿಗೆ ಅಂಟಿದ ಬೆಳ್ಳಿ ಹುರುಪೆ ಒಂದು.

ಅಳಿಸುವುದರಲ್ಲಿದ್ದೆ.
ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.
"ಮುಖ ಬಿಡು, ಅದು ಪಾಸ್‌ಪೋರ್ಟಿನಲ್ಲಿದೆ.
ಇದನ್ನು ದೊಡ್ಡದು ಮಾಡಿಸಿ ಕೊಡು."

ಜೂಮನ್ನು ಮಗಳಿಗೆ ಕೊಟ್ಟೆ, ತಿಮಿಂಗಿಲ ನೋಡಲಿ ಅಂತ.
ನನ್ನದು ಈಗ ಕಾಲಿನಲ್ಲಿದೆ,
ಎಡಮಂಡಿ ತುಸು ನೋಯುತ್ತದೆ, ಅಷ್ಟೆ.
ನಾಳೆ ಬೆಳಗ್ಗೆ ನಾಲ್ಕಕ್ಕೆ ಬರಹೇಳಿದ್ದಾಳೆ ಹಾಲ್ಡಿಸ್,
ಲೆನ್ಸ್ ಬೇಕಾದರೆ ತಾ, ಕೈಗವಸು ಮರೆಯಬೇಡ ಅಂತ.