ಹದಿನೇಳನೇ ಪ್ರಶ್ನೆ

ನವನಗರದ ಸಾಲಿಯೊಳಗ ಹುಡುಗೂರ ಬೆಂಚು,
ಮೊಣಕಾಲು ಹಿಡಿಯವಲ್ಲವು.
ಬನಹಟ್ಟಿಯಿಂದ ನಾನು, ತೇರದಾಳದಿಂದ ಇಮಾಮಹುಸೇನ,
ಇಳಕಲ್ಲಿನ ಫಿಲ್ಟರ್ ಹೌಸಿನ ಶಂಕ್ರಮ್ಮ,
ಚಷ್ಮಾ ಮರತು ಬಂದು ನನ್ನ ಚಷ್ಮಾ ಬೇಡಿದಾಕಿ.
ಇಪ್ಪತ್ತೆರಡು ವರ್ಷ ನೀರು ಬಿಟ್ಟವರಿಗೆ
ನೀರು ಬಿಡಾಕ ಬರತೈತಿ ಅನ್ನೂದಕ್ಕ ಈಗ ಕಾಗದ ಬೇಕಂತ.

ಮೊದಲನೇದು ಸರಳ. ಗದಲು ನೀರಿಗೆ ಪಟಿಕ ಎಷ್ಟು?
ಆಷಾಢದ ಕೃಷ್ಣೆ ಚಹಾದ ಬಣ್ಣಕ್ಕ ತಿರುಗಿದಾಗ
ಆರು ಗ್ಲಾಸಿನ್ಯಾಗ ಕಲಸಿ ನೋಡತೀನಿ,
ಯಾವದರಾಗ ಹೂವಿನಂಗ ಕೂಡಿ ಕೆಳಗ ಕುಂದರತೈತೋ ಅಷ್ಟು.
ಬರದೆ. ಹೂವು ಅನ್ನೂದು ಹೊಡದು ಹಾಕಿದೆ.
ಕೊನೀ ನಳದಾಗ ಕ್ಲೋರಿನ್ ಎಷ್ಟು ಉಳೀಬೇಕು?
ಪಾಯಿಂಟ್ ಎರಡು.
ನೇಕಾರ ಓಣಿಯ ತುದಿಗೆ, ಶೀಸೆ ಬೆಳಕಿಗೆ ಹಿಡದು
ಗುಲಾಬಿ ಹುಡುಕತೀನಿ ದಿನಾ,
ಸೀರಿಗೆ ಬಣ್ಣ ಆರಸೂ ಗಿರಾಕಿ ಹಂಗ.

ಹದಿನೇಳು:
ಒಡೆದ ಪೈಪು ಜೋಡಿಸಿದ ಮ್ಯಾಲ
ಕ್ಲೋರಿನ್ ತುಂಬಿ ಎಷ್ಟು ತಾಸು ಬಿಡಬೇಕು,
ವಾಲ್ವ್ ತೆಗೆಯೂಕಿಂತ ಮೊದಲ?

ಪೆನ್ನು ನಿಂತಿತು.

ಆ ವರ್ಷ ಗಟಾರದ ಬಾಜೂಕ ಪೈಪು ಒಡೆದಿತ್ತು.
ಐದು ದಿನ ನಳ ಬಂದಿರಲಿಲ್ಲ. ಖಾಲಿ ಕೊಡ ಬಡಿಯೂ ಸಪ್ಪಳ
ಮಗ್ಗದ ಸಪ್ಪಳಕ್ಕಿಂತ ಜೋರು.
ಮೆಂಬರ್ ಫೋನು ಎರಡು ಸಲ. ಮೂರನೇ ಸಲ ನಾನು ಎತ್ತಲಿಲ್ಲ,
ಚಾವಿ ಎತ್ತಿದೆ.
ಎರಡೇ ತಾಸಿಗೆ, ಹದಿನಾಲ್ಕು ಸುತ್ತು.
ಮೂರನೇ ದಿನಕ್ಕ ದವಾಖಾನಿ ವರಾಂಡ ತುಂಬಿತ್ತು,
ಸಲಾಯಿನ್ ಬಾಟ್ಲಿ ಕಿಟಕಿ ಸರಳಿಗೆ ಕಟ್ಟಿದ್ದರು.
ಎಲ್ಲಾರೂ ಎದ್ದು ಮನಿಗೆ ಹೋದರು,
ಕಂಡಿಕೆ ಸುತ್ತೂ ನೀಲವ್ವಾಯಿ ಹೊರತು.
ವಯಸ್ಸಾಗಿತ್ತು ಅಂದರು.
ನಾನೂ ರಜಿಸ್ಟರಿನ್ಯಾಗ ಆ ದಿನದ ಕಾಲಂ ತುಂಬಿದ್ದೆ:
ಪಾಯಿಂಟ್ ಎರಡು.

ಇಪ್ಪತ್ನಾಲ್ಕು ತಾಸು, ಅಂತ ಬರದೆ.
ಪೇಪರು ತಗೊಳ್ಳೂವಾಗ ಮೇಡಂ
ಅಕ್ಷರ ಛಲೋ ಅದಾವು ಅಂದರು.
ಹದಿನೇಳಕ್ಕ ಪೂರಾ ಮಾರ್ಕು.

ಕಾಗದ ಬಂದು ಎರಡು ತಿಂಗಳಾತು. ಸೀಲು, ಸಹಿ,
ಸಿದರಾಯ ಹಣಗಂಡಿ, ಅರ್ಹ.
ಮನ್ಯಾಗ ಕಟ್ಟು ಹಾಕಸೂಣು ಅಂದರು. ಬ್ಯಾಡ ಅಂದೆ.

ನಿನ್ನೆ ಸಂಜಿಕ ಹಿಂದಿನ ಓಣಿಯಾಗ ಪೈಪು ಜೋಡಿಸಿದೆವು.
ಫೋನು ಬಡಕೊಳ್ಳಾಕತ್ತೈತಿ. ಮಂದಿ ಸುತ್ತ ನಿಂತು ಬೈಯಾಕತ್ತಾರ,
ನಮ್ಮಪ್ಪನ ಹೆಸರೂ ಬಂತು ನಡುವ.
ಚಾವಿ ತೊಡೀ ಮ್ಯಾಲ ಇಟಗೊಂಡು
ವಾಲ್ವಿನ ಮುಚ್ಚಳದ ಮ್ಯಾಲೇ ಕುಂತೀನಿ.
ಇನ್ನೂ ಒಂಬತ್ತು ತಾಸು.